ಬ್ಯಾಟರಿ ಬದಲಾಯಿಸೋ ಮುಂಚೆ ಅರ್ಥ್ ನೋಡಿ

ಸಂಕ್ರಾಂತಿ ಕಳೆದ ಮೇಲೆ ನಾಲ್ಕೈದು ಜನ ಇದೇ ಪ್ರಶ್ನೆ ಕೇಳಿದ್ದೀರಿ. "ಅಣ್ಣ, ಗಾಡಿಗೆ ಸೌಂಡ್ ಸಿಸ್ಟಮ್ ಹಾಕ್ಸಿದ ಮೇಲೆ ಬ್ಯಾಟರಿ ನಿಲ್ತಾ ಇಲ್ಲ, ಯಾವ ಕಂಪನಿ ಬ್ಯಾಟರಿ ತಗೊಳ್ಳೋದು?" ಫೋನಲ್ಲಿ ಒಬ್ಬೊಬ್ಬರಿಗೆ ಹೇಳಿ ಗಂಟಲು ಒಣಗ್ತು. ಅದಕ್ಕೆ ಇಲ್ಲಿ ಬರೀತಾ ಇದ್ದೀನಿ. ಸ್ವಲ್ಪ ಉದ್ದ ಇದೆ, ಹಾಲು ಹಾಕಿ ಬಂದು ಕೂತು ಓದಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಹೊಸ ಬ್ಯಾಟರಿ ಹಾಕು ಅನ್ನೋದು ರಿಪೇರಿ ಅಲ್ಲ. ಹಾಗೇನೇ ನಮ್ಮಂಥ ವಯಸ್ಸಾದೋರು "ಆ ಹಾಳು ಸೆಟ್ ಕಿತ್ತು ಬಿಸಾಕು" ಅಂತೀವಲ್ಲ, ಅದೂ ರಿಪೇರಿ ಅಲ್ಲ. ಎರಡೂ ಅಂದಾಜು. ಎರಡನ್ನೂ ನಾನು ಮಾಡಿ ದುಡ್ಡು ಕಳ್ಕೊಂಡಿದ್ದೀನಿ, ಮನೇಲಿ ಮಾತೂ ಕೆಡಿಸ್ಕೊಂಡಿದ್ದೀನಿ.

ನಡೆದಿದ್ದು ಹೀಗೆ. ಗೌರಿ ಹಬ್ಬಕ್ಕೆ ಮುಂಚೆ ತಮ್ಮನ ಮಗ ಪಿಕಪ್‌ಗೆ ಸೆಟ್ ಹಾಕ್ಸಿದ. ಮುಂದೆ ಡೆಕ್, ಸೀಟಿನ ಹಿಂದೆ ಆಂಪ್ಲಿಫೈಯರ್, ಒಂದು ವೂಫರ್. ವಾರಕ್ಕೆ ಮೂರು ಸಲ ರಾತ್ರಿ ಎರಡೂವರೆಗೆ ಎದ್ದು ಸೇವಂತಿಗೆ, ಸೊಪ್ಪು ತುಂಬ್ಕೊಂಡು ಹಳೇ ಮದ್ರಾಸ್ ರಸ್ತೇಲಿ ಕೆ.ಆರ್.ಪುರ ದಾಟಿ ಕೆ.ಆರ್.ಮಾರ್ಕೆಟ್‌ಗೆ ಹೋಗೋ ಹುಡುಗ. ಹಾಡಿಲ್ದೆ ನಿದ್ದೆ ಬರುತ್ತೆ ದೊಡ್ಡಪ್ಪ ಅಂದ. ಅದು ಸುಳ್ಳಲ್ಲ. ನಾನು ಬೇಡ ಅನ್ನಲಿಲ್ಲ, ಖುಷಿಯಿಂದ ಹೂಂ ಅಂತಾನೂ ಅನ್ನಲಿಲ್ಲ.

ಮೊದಲ ತಿಂಗಳಲ್ಲೇ ಲಕ್ಷಣ ಶುರು. ವೂಫರ್ ಗುಮ್ ಅಂದಾಗೆಲ್ಲ ಹೆಡ್‌ಲೈಟ್ ಮಂಕಾಗೋದು. ಆಕ್ಸಿಲರೇಟರ್ ಒತ್ತಿದ್ರೆ ಸ್ಪೀಕರಲ್ಲಿ ಕುಂಯ್ ಅಂತ ಸದ್ದು, ಇಂಜಿನ್ ಜೊತೇಲೇ ಏರೋದು ಇಳಿಯೋದು. ಗಾಡಿ ಎರಡು ದಿನ ನಿಂತ್ರೆ ಸೆಲ್ಫ್ ಭಾರ. ದೀಪಾವಳಿ ಹೊತ್ತಿಗೆ ಬ್ಯಾಟರಿ ಪೂರ್ತಿ ಮಲಗ್ತು. ಗ್ಯಾರೇಜಲ್ಲಿ "ಹಳೇದಾಗಿದೆ, ಹೊಸದು ಹಾಕಿ" ಅಂದ್ರು, ಹಾಕಿಸ್ದೆ. ಆರು ವರ್ಷದ ಗಾಡಿ, ಹಳೇದಾಗಿರಬಹುದು ಅಂತ ನನಗೂ ಅನ್ನಿಸ್ತು.

ಸಂಕ್ರಾಂತಿ ಹಿಂದಿನ ದಿನ ಹೊಸ ಬ್ಯಾಟರೀನೂ ಕೈ ಕೊಡ್ತು. ಗಾಡಿ ತುಂಬ ಸೇವಂತಿಗೆ. ಹಬ್ಬದ ರೇಟು ಯಾವಾಗ ಏರುತ್ತೆ, ಯಾವಾಗ ಇಳಿಯುತ್ತೆ ನಿಮಗೆ ನಾನು ಹೇಳ್ಬೇಕಿಲ್ಲ. ಟ್ರಾಕ್ಟರ್ ತಂದು ಪಕ್ಕದಲ್ಲಿ ನಿಲ್ಲಿಸಿ ಅದರ ಬ್ಯಾಟರಿಯಿಂದ ಕೇಬಲ್ ಕೊಟ್ವಿ. ಆಗಲೂ ಟಿಕ್, ಟಿಕ್. ಕೊನೆಗೆ ಅಕ್ಕಪಕ್ಕದವರನ್ನ ಎಬ್ಬಿಸಿ ತಳ್ಳಿ ಸ್ಟಾರ್ಟ್ ಮಾಡೋ ಹೊತ್ತಿಗೆ ಐದು ಗಂಟೆ. ಟಿನ್ ಫ್ಯಾಕ್ಟರಿ ಹತ್ರ ಬೆಳಗಿನ ಟ್ರಾಫಿಕ್ಕಿಗೆ ಸಿಕ್ಕಿ ಮಾರ್ಕೆಟ್ ಸೇರಿದಾಗ ಏಳೂವರೆ. ಬೇರೆಯವರೆಲ್ಲ ಮಾರಿ ಟೀ ಕುಡೀತಿದ್ರು. ಉಳಿದ ಹೂವನ್ನ ಕೇಳಿದ ರೇಟಿಗೆ ಕೊಟ್ಟು ಬಂದ್ವಿ.

ಮನೆಗೆ ಬಂದು ಹುಡುಗನ ಮೇಲೆ ಎಲ್ಲರ ಮುಂದೆ ಕೂಗಾಡಿದೆ. ಅವನು ಒಂದು ಮಾತಾಡಲಿಲ್ಲ. ಮಾರನೇ ದಿನ ಡೆಕ್ಕು, ಡಬ್ಬ ಎಲ್ಲ ಬಿಚ್ಚಿ ಕೊಟ್ಟಿಗೆ ಅಟ್ಟದ ಮೇಲೆ ಇಟ್ಟು, ಬೀಗದ ಕೈ ಅವರಮ್ಮನ ಕೈಗೆ ಕೊಟ್ಟ. "ದೊಡ್ಡಪ್ಪ ಬೇರೆ ಡ್ರೈವರ್ ನೋಡ್ಕೊಳ್ಲಿ" ಅಂತ.

ಸರಿ, ಸೆಟ್ ಹೋಯ್ತಲ್ಲ, ಇನ್ನು ಗಾಡಿ ಸರಿ ಇರಬೇಕು. ಇರಲಿಲ್ಲ! ಬ್ಯಾಟರಿ ಇಳಿಯೋದು ನಿಂತ್ತು ನಿಜ, ಆದ್ರೆ ಸೆಲ್ಫ್ ಇನ್ನೂ ಭಾರ, ಹೆಡ್‌ಲೈಟ್ ಇನ್ನೂ ಹಳದಿ. ಅಂದ್ರೆ ರೋಗ ಒಂದಲ್ಲ.

ನಮ್ಮೂರಲ್ಲಿ ದೂರವಾಣಿನಗರದ ಐಟಿಐ ಕಾರ್ಖಾನೇಲಿ ಮೂವತ್ತು ವರ್ಷ ಕೆಲಸ ಮಾಡಿ ರಿಟೈರ್ ಆದ ಹಿರಿಯರೊಬ್ಬರು ಇದ್ದಾರೆ. ಹೊಸ ಹುಡುಗ್ರು ಐಟಿಐ ಅಂದ್ರೆ ತರಬೇತಿ ಶಾಲೆ ಅನ್ಕೋತಾರೆ. ಇದು ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, 1948ರಲ್ಲಿ ನಮ್ಮ ಕೆ.ಆರ್.ಪುರದ ಪಕ್ಕದಲ್ಲೇ ಶುರುವಾಗಿದ್ದು. ಒಂದು ಕಾಲದಲ್ಲಿ ದೇಶದ ಎಷ್ಟೋ ಮನೆಗಳ ಟೆಲಿಫೋನು ಇಲ್ಲಿಂದಲೇ ಹೋಗ್ತಿತ್ತು. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಹೊಲದ ಜೊತೆಗೆ ಐಟಿಐ ಸಂಬಳದಲ್ಲೂ ಮನೆ ಕಟ್ಟಿದವರು ಬಹಳ ಜನ. ಇವರನ್ನ ನಾನು ಮಾವ ಅಂತ ಕರೀತೀನಿ. ಕಥೆ ಪೂರ್ತಿ ಕೇಳಿ ಅವರು ಅಂದಿದ್ದು ಇಷ್ಟೇ: "ಟ್ರಾಕ್ಟರ್ ಬ್ಯಾಟರಿ ಕೊಟ್ರೂ ಟಿಕ್ ಅಂತು ಅಂತೀಯ. ಎರಡು ಬ್ಯಾಟರಿ ಸೇರಿದ್ರೂ ತಿರುಗಲಿಲ್ಲ ಅಂದ್ರೆ ದಾರೀಲಿ ಅಡ್ಡ ಇದೆ ಅಂತ ಅವತ್ತೇ ಅರ್ಥ ಆಗ್ಬೇಕಿತ್ತಲ್ಲಪ್ಪ."

ಹೌದಲ್ವಾ. ಬೋರ್‌ವೆಲ್ ಮೋಟಾರ್ ಎತ್ತಲಿಲ್ಲ ಅಂದ್ರೆ ನಾವು ಮೊದಲು ಮೋಟಾರ್ ಮೇಲಕ್ಕೆ ಎತ್ತುತೀವಾ? ಇಲ್ಲ. ಮೂರು ಫೇಸ್ ಬಂದಿದ್ಯಾ, ವೋಲ್ಟೇಜ್ ಎಷ್ಟಿದೆ, ಸ್ಟಾರ್ಟರ್‌ನಲ್ಲಿ ಲೂಸ್ ಇದ್ಯಾ, ಕೇಬಲ್ ಜಾಯಿಂಟ್ ಹೆಂಗಿದೆ ನೋಡ್ತೀವಿ. ಗಾಡಿ ಅಂದ ತಕ್ಷಣ ಆ ಬುದ್ಧಿ ಎಲ್ಲಿ ಹೋಗುತ್ತೋ ಗೊತ್ತಿಲ್ಲ.

ಮಾವ ತಂದಿದ್ದು ಒಂದು ಸಾಧಾರಣ ಮಲ್ಟಿಮೀಟರ್. ಎಸ್‌ಪಿ ರೋಡಲ್ಲಿ ಕೆಲವು ನೂರು ರೂಪಾಯಿಗೆ ಸಿಗೋ ಅಂಥದ್ದು. ಹುಡುಗನ್ನ ಕರೆಸಿ ಸೆಟ್ ವಾಪಸ್ ಹಾಕು ಅಂದ್ರು. ರೋಗಿ ಇಲ್ದೆ ನಾಡಿ ನೋಡೋಕಾಗಲ್ಲ ಅನ್ನೋದು ಅವರ ಲೆಕ್ಕ. ಹುಡುಗ ಮುಖ ಊದಿಸ್ಕೊಂಡೇ ಬಂದು ಹಾಕ್ದ.

ಮೊದಲು ಬ್ಯಾಟರಿಗೆ ರಾತ್ರಿಯೆಲ್ಲ ಚಾರ್ಜರ್ ಕೊಟ್ಟು, ಬೆಳಿಗ್ಗೆ ಸ್ವಲ್ಪ ಹೊತ್ತು ಬಿಟ್ಟು ಅಳೆದ್ವಿ. 12.6 ಬಂತು. ಇಂಜಿನ್ ಬಂದ್ ಇದ್ದಾಗ ತುಂಬಿದ ಬ್ಯಾಟರಿ ತೋರಿಸೋದು ಅಷ್ಟೇ. 12.2 ಅಂದ್ರೆ ಸುಮಾರು ಅರ್ಧ, 12ಕ್ಕಿಂತ ಕೆಳಗೆ ಹೋಗಿ ದಿನಗಟ್ಟಲೆ ಹಂಗೇ ಬಿದ್ದಿದ್ರೆ ಒಳಗಿನ ಪ್ಲೇಟು ಕೆಡೋಕೆ ಶುರು. ಇಂಜಿನ್ ಸ್ಟಾರ್ಟ್ ಮಾಡಿ ಬ್ಯಾಟರಿ ಮೇಲೆ ಮತ್ತೆ ನೋಡಿದ್ವಿ, 14.1. ಅಂದ್ರೆ ಡೈನಮೋ ಚೆನ್ನಾಗಿದೆ. 13.8ರಿಂದ 14.4 ಒಳಗಿದ್ರೆ ಅದರ ತಂಟೆಗೆ ಹೋಗಬೇಡಿ. ನನಗೆ ಗ್ಯಾರೇಜಲ್ಲಿ ಡೈನಮೋನೂ ಬಿಚ್ಚಿಸಿ ಅಂದಿದ್ರು, ಪುಣ್ಯಕ್ಕೆ ದುಡ್ಡಿರಲಿಲ್ಲ.

ಆಮೇಲೆ ಹಾಡು ಜೋರಾಗಿ ಹಾಕಿ ಮೀಟರಿನ ಎರಡು ಕಡ್ಡಿ ಆಂಪ್ಲಿಫೈಯರ್‌ನ ಪ್ಲಸ್ ಮೈನಸ್‌ಗೆ ಮುಟ್ಟಿಸಿದ್ರು. 11.8. ಬ್ಯಾಟರೀಲಿ 14.1, ಎಂಟಡಿ ದೂರದಲ್ಲಿ 11.8. ಎರಡು ಚಿಲ್ಲರೆ ವೋಲ್ಟ್ ಎಲ್ಲಿ ಹೋಯ್ತು? ಡ್ರಿಪ್ ಹಾಕಿದವರಿಗೆ ಇದು ಹೊಸದಲ್ಲ. ಟ್ಯಾಂಕ್ ಹತ್ರ ಪ್ರೆಶರ್ ಇದೆ, ಸಾಲಿನ ಕೊನೇಲಿ ಹನಿ ಬೀಳ್ತಿಲ್ಲ ಅಂದ್ರೆ ಪೈಪ್ ಸಣ್ಣದು, ಇಲ್ಲಾ ಫಿಲ್ಟರ್ ಕಟ್ಟಿದೆ.

ಇಲ್ಲಿ ಮಾವ ತೋರಿಸಿದ ವಿದ್ಯೆ ನನಗೆ ಗೊತ್ತಿರಲಿಲ್ಲ. ಹಾಡು ನಡೀತಿರುವಾಗಲೇ ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಆಂಪ್ಲಿಫೈಯರ್ ಪ್ಲಸ್‌ಗೆ. ಎರಡೂ ಒಂದೇ ತಂತಿಯ ಎರಡು ತುದಿ, ಸೊನ್ನೆ ಹತ್ರ ತೋರಿಸಬೇಕು. ತೋರಿಸಿದ್ದು 0.9. ಅಷ್ಟು ವೋಲ್ಟ್ ತಂತೀಲೇ ಬಿಸಿಯಾಗಿ ಹೋಗ್ತಿದೆ. ಬಿಚ್ಚಿ ನೋಡಿದ್ರೆ ತಂತಿ ದಪ್ಪ, ಒಳಗೆ ತಾಮ್ರದ ಬಣ್ಣ, ಚಾಕುವಲ್ಲಿ ಕೆರೆದ್ರೆ ಬೆಳ್ಳಗೆ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ! ಮೇಲಿನ ಪ್ಲಾಸ್ಟಿಕ್ಕೇ ಅರ್ಧ ದಪ್ಪ. ಅದೇ ಥರ ಮೈನಸ್‌ನಿಂದ ಮೈನಸ್‌ಗೆ ಹಿಡಿದ್ವಿ, 1.4. ಅರ್ಥ್ ಕಡೆಯೇ ಹೆಚ್ಚು ನಷ್ಟ. ಎರಡೂ ಕೂಡಿದ್ರೆ ಕಳೆದುಹೋದ 2.3 ವೋಲ್ಟ್ ಲೆಕ್ಕ ಸರಿಯಾಗಿ ಸಿಕ್ತು. ಡೈರಿ ಲೆಕ್ಕ ತಾಳೆ ಆದಾಗ ಆಗುತ್ತಲ್ಲ, ಅಂಥ ಸಮಾಧಾನ.

ಆ 1.4ರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಫಿಟ್ ಮಾಡಿದವರ ತಪ್ಪು. ಆಂಪ್ಲಿಫೈಯರ್ ಅರ್ಥ್ ತಂತೀನ ಸೀಟಿನ ಬೋಲ್ಟ್‌ಗೆ ಸುತ್ತಿದ್ರು, ಕೆಳಗೆ ಪೇಂಟ್ ಹಂಗೇ ಇತ್ತು. ಪೇಂಟ್ ಮೇಲೆ ಅರ್ಥ್ ಕೊಡೋದು ಅಂದ್ರೆ ಪ್ಲಾಸ್ಟಿಕ್ ಕವರ್ ಮೇಲಿಂದ ಗಿಡಕ್ಕೆ ನೀರು ಹಾಕಿದ ಹಾಗೆ.

ಉಳಿದ 0.6 ನನ್ನದು. ಪಿಕಪ್ ಕ್ಯಾಬಿನ್ನು ಚಾಸಿ ಮೇಲೆ ರಬ್ಬರ್ ಇಟ್ಟು ಕೂರಿಸಿರ್ತಾರೆ. ರಬ್ಬರಲ್ಲಿ ಕರೆಂಟ್ ಹೋಗಲ್ಲ, ಅದಕ್ಕೆ ಕ್ಯಾಬಿನ್ನಿಂದ ಚಾಸಿಗೆ ಜಡೆ ಹೆಣೆದ ಹಾಗಿರೋ ತಾಮ್ರದ ಪಟ್ಟಿ ಕಟ್ಟಿರ್ತಾರೆ. ನಮ್ಮ ಗಾಡೀಲಿ ಅದು ಹಸಿರು ಕಿಲುಬು ಹಿಡಿದು ಮುಕ್ಕಾಲು ಭಾಗ ಕಿತ್ತುಹೋಗಿತ್ತು. ಹೂವಿನ ಜೊತೆ ಅದೇ ಗಾಡೀಲಿ ಯೂರಿಯಾ, ಕೋಳಿಗೊಬ್ಬರ ತಂದವನು ನಾನು, ಅದನ್ನ ತೊಳೆದು ಕೆಳಗೆ ಬಗ್ಗಿ ನೋಡದವನೂ ನಾನೇ. ಹೆಡ್‌ಲೈಟ್ ಎರಡು ವರ್ಷದಿಂದ ಹಳದಿ ಇತ್ತು, ಬಲ್ಬ್ ಹಳೇದು ಅನ್ಕೊಂಡಿದ್ದೆ. ಸೆಲ್ಫ್ ಹೊಡೆಯುವಾಗ ಇಂಜಿನ್ ಬಾಡಿಗೂ ಬ್ಯಾಟರಿ ಮೈನಸ್‌ಗೂ ಹಿಡಿದು ನೋಡಿದ್ರೆ 0.9. ಅಲ್ಲಿ 0.2, 0.3 ಇದ್ರೆ ಪರವಾಗಿಲ್ಲ. ಬ್ಯಾಟರಿ ಮೈನಸ್ ಕೇಬಲ್ ಚಾಸಿಗೆ ಸೇರೋ ಬೋಲ್ಟ್ ಕೆಳಗೆ ತುಕ್ಕು ಚಕ್ಕೆಚಕ್ಕೆಯಾಗಿ ಬಂತು. ಉಪ್ಪುಕಾಗದದಲ್ಲಿ ಉಜ್ಜಿ, ಹಲ್ಲಿರೋ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಬಳಿದ ಮೇಲೆ 0.15. ಸೆಲ್ಫ್ ಒಂದೇ ಏಟಿಗೆ.

ಹುಡುಗ ಅಲ್ಲೇ ನಿಂತು ನೋಡ್ತಿದ್ದ. ನನ್ನ ಮುಖ ನೋಡಲಿಲ್ಲ, ಬೋಲ್ಟ್ ನೋಡ್ತಿದ್ದ.

ಇನ್ನೊಂದು ವಿಷಯ ಹೇಳ್ಬೇಕು. ನಮ್ಮಲ್ಲಿ ಎಲ್ಲರೂ ಟೆಸ್ಟ್ ಬಲ್ಬ್ ಇಟ್ಟು "ಕರೆಂಟ್ ಬರ್ತಿದೆ" ಅಂತಾರೆ. ಬಲ್ಬ್ ಸುಳ್ಳು ಹೇಳುತ್ತೆ. ಕಿತ್ತುಹೋದ ಕೇಬಲ್ಲಿನ ಒಂದೇ ಎಳೆ ಉಳಿದಿದ್ರೂ ಬಲ್ಬ್ ಉರಿಯುತ್ತೆ, ಸೆಲ್ಫ್ ತಿರುಗಲ್ಲ. ಭಾರ ಹಾಕಿ ಅಳೀಬೇಕು. ಹಾಡು ನಡೀತಿರಬೇಕು, ಇಲ್ಲಾ ಲೈಟ್ ಉರೀತಿರಬೇಕು, ಇಲ್ಲಾ ಸೆಲ್ಫ್ ತಿರುಗ್ತಿರಬೇಕು. ಸುಮ್ನೆ ನಿಂತ ಗಾಡೀಲಿ ಎಲ್ಲ ಜಾಯಿಂಟೂ ಒಳ್ಳೇದೇ.

ಬ್ಯಾಟರಿ ರಾತ್ರಿ ಇಳಿಯೋದು ಬೇರೆ ರೋಗ. ಅದಕ್ಕೆ ಮೀಟರ್‌ನ 10 ಆಂಪಿಯರ್ ತೂತಿಗೆ ಕೆಂಪು ಕಡ್ಡಿ ಹಾಕಿ, ಬ್ಯಾಟರಿ ಮೈನಸ್ ಬಿಚ್ಚಿ, ಬ್ಯಾಟರಿಗೂ ಆ ಕೇಬಲ್‌ಗೂ ಮಧ್ಯೆ ಮೀಟರ್ ಸೇರಿಸಬೇಕು. ಬೀಗದ ಕೈ ತೆಗೆದು, ಬಾಗಿಲು ಹಾಕಿ, ಅರ್ಧ ಗಂಟೆ ಬಿಟ್ಟು ನೋಡಬೇಕು. ಮೀಟರ್ ಮಧ್ಯೆ ಇರುವಾಗ ಸೆಲ್ಫ್ ಹೊಡೀಬೇಡಿ, ಹೆಡ್‌ಲೈಟೂ ಹಾಕ್ಬೇಡಿ. ನಾನು ಹಾಕ್ದೆ, ಮೀಟರ್ ಒಳಗಿನ ಫ್ಯೂಸ್ ಹೋಯ್ತು, ಮಾವ ಬೈಯಲಿಲ್ಲ, ಸುಮ್ನೆ ಹೊಸ ಫ್ಯೂಸ್ ತಂದುಕೊಡು ಅಂದ್ರು. ಅಳತೆ ಮುಗಿದ ಮೇಲೆ ಕಡ್ಡಿ ವೋಲ್ಟ್ ತೂತಿಗೆ ವಾಪಸ್ ಹಾಕೋದು ಮರೀಬೇಡಿ, ಆ ತೂತಲ್ಲೇ ಇಟ್ಟು ಬ್ಯಾಟರಿ ಪ್ಲಸ್ ಮೈನಸ್ ಮುಟ್ಟಿದ್ರೆ ನೇರ ಶಾರ್ಟ್.

ನಮ್ಮ ಗಾಡೀಲಿ 0.62 ಆಂಪಿಯರ್ ಹರೀತಿತ್ತು. ಗಡಿಯಾರ, ಮೆಮೊರಿ ಎಲ್ಲ ಸೇರಿ 0.05 ಒಳಗಿದ್ರೆ ಸರಿ. 0.62 ಸಣ್ಣದು ಅನ್ಸುತ್ತೆ. 24 ಗಂಟೆಗೆ ಗುಣಿಸಿ, ಹತ್ರ ಹತ್ರ 15 ಆಂಪಿಯರ್ ಅವರ್. ಎರಡು ದಿನಕ್ಕೆ 30. ನಮ್ಮದು 65ರ ಬ್ಯಾಟರಿ, ಅದೂ ದಿನಾ ಪೂರ್ತಿ ತುಂಬ್ತಿರಲಿಲ್ಲ. ಜನವರಿ ಚಳೀಲಿ ಡೀಸೆಲ್ ಇಂಜಿನ್ ಎತ್ತೋಕೆ ಇನ್ನೇನು ಉಳೀತು?

ಒಂದೊಂದೇ ಫ್ಯೂಸ್ ತೆಗೀತಾ ಬಂದ್ವಿ. ಆಂಪ್ಲಿಫೈಯರ್ ಫ್ಯೂಸ್ ತೆಗೆದ ತಕ್ಷಣ 0.03ಕ್ಕೆ ಇಳೀತು. ಕಳ್ಳ ಸಿಕ್ಕ. ಡೆಕ್ ಹಿಂದೆ ಬರೋ ತಂತಿ ಬಣ್ಣ ನೆನಪಿಟ್ಕೊಳ್ಳಿ, ಸಾಮಾನ್ಯವಾಗಿ ಎಲ್ಲ ಕಂಪನೀಲೂ ಒಂದೇ. ಹಳದಿ ಯಾವಾಗ್ಲೂ ಬ್ಯಾಟರಿ ಕರೆಂಟ್, ಮೆಮೊರಿಗೆ. ಕೆಂಪು ಬೀಗದ ಕೈ ತಿರುಗಿಸಿದಾಗ ಮಾತ್ರ ಬರಬೇಕು. ಕಪ್ಪು ಅರ್ಥ್. ಬಿಳಿ ಗೆರೆ ಇರೋ ನೀಲಿ ಆಂಪ್ಲಿಫೈಯರ್‌ಗೆ "ಎದ್ದೇಳು" ಅಂತ ಹೇಳೋ ತಂತಿ. ನಮ್ಮಲ್ಲಿ ಆಂಪ್ಲಿಫೈಯರ್‌ನ ಆ ನೀಲಿ ತಂತೀನ ಡೆಕ್‌ಗೆ ಕೊಡೋ ಬದಲು ಹಳದಿಗೆ ಸುತ್ತಿ ಟೇಪ್ ಹಾಕಿದ್ರು. ಡೆಕ್ ಮಲಗಿದ್ರೂ ಆಂಪ್ಲಿಫೈಯರ್ ರಾತ್ರಿಯೆಲ್ಲ ಎದ್ದಿರೋದು. ಕೈಯಿಟ್ಟು ನೋಡಿದ್ದಿದ್ರೆ ಬೆಳಗಿನ ಜಾವ ಬೆಚ್ಚಗಿರೋದು ಗೊತ್ತಾಗ್ತಿತ್ತು. ಕೆಲವು ಕಡೆ ಕೆಂಪು ಹಳದಿ ಎರಡನ್ನೂ ಸೇರಿಸಿಬಿಡ್ತಾರೆ, ಬೀಗದ ಕೈ ಇಲ್ದೆ ಹಾಡು ಬರಲಿ ಅಂತ. ಅದೂ ಇದೇ ಕಥೆಗೆ ಬರುತ್ತೆ. ದಿನಾ ಗಡಿಯಾರ, ಸ್ಟೇಷನ್ ಎಲ್ಲ ಅಳಿಸಿಹೋಗ್ತಿದ್ರೆ ಕೆಂಪು ಹಳದಿ ಅದಲುಬದಲು ಆಗಿದೆ ಅಂತ ಲೆಕ್ಕ.

ಕುಂಯ್ ಸದ್ದು ಸುಲಭಕ್ಕೆ ಹೋಯ್ತು. ಡೆಕ್‌ನಿಂದ ಹಾಡು ತರೋ ತೆಳು ತಂತೀನ ದಪ್ಪ ಕರೆಂಟ್ ತಂತಿ ಜೊತೆ ಒಂದೇ ಕಟ್ಟು ಕಟ್ಟಿದ್ರು. ಬಲಗಡೆ ಒಂದು, ಎಡಗಡೆ ಒಂದು ಮಾಡಿ, ಅರ್ಥ್ ಬರಿ ಕಬ್ಬಿಣಕ್ಕೆ ಕೊಟ್ವಿ, ಸದ್ದು ನಿಂತ್ತು. ಕಾರ್ ರೇಡಿಯೋದಿಂದಲೇ ಹೆಸರು ಬಂದ ಮೊಟೊರೋಲಾದವರು 1930ರಲ್ಲಿ ಮೊದಲ ಸೆಟ್ ಮಾಡಿದಾಗ್ಲೂ ಇಂಜಿನ್ನಿನ ಕರಕರ ಸದ್ದೇ ತಲೆನೋವಾಗಿತ್ತಂತೆ. ರೋಗ ಹಳೇದು.

ಇಷ್ಟೆಲ್ಲ ದುಡ್ಡಿನ ಮಾತಾಯ್ತು. ನನ್ನ ಕೈ ನಡುಗಿದ್ದು ಬೇರೆ ಕಡೆ. ಬ್ಯಾಟರಿಯಿಂದ ಕ್ಯಾಬಿನ್ ಒಳಗೆ ಬರೋ ಆ ಪ್ಲಸ್ ತಂತಿ ತಗಡಿನ ತೂತಲ್ಲಿ ತೂರಿಸಿತ್ತು. ತೂತಿಗೆ ರಬ್ಬರ್ ಬುಷ್ ಇಲ್ಲ. ತಗಡಿನ ಅಂಚು ಆರು ತಿಂಗಳು ಉಜ್ಜಿ ಉಜ್ಜಿ ಪ್ಲಾಸ್ಟಿಕ್ ಸವೆದು ಒಳಗಿನ ಎಳೆ ಕಾಣ್ತಿತ್ತು. ಬ್ಯಾಟರಿ ಹತ್ರ ಫ್ಯೂಸ್ ಇಲ್ಲ. ಫ್ಯೂಸ್ ಇದ್ದಿದ್ದು ಆ ಕೊನೇಲಿ, ಆಂಪ್ಲಿಫೈಯರ್ ಮೇಲೆ. ಆ ಸವೆದ ಜಾಗ ತಗಡಿಗೆ ಪೂರ್ತಿ ತಾಗಿದ್ರೆ ಆಂಪ್ಲಿಫೈಯರ್ ಫ್ಯೂಸ್ ಏನೂ ಮಾಡಲ್ಲ, ಬ್ಯಾಟರಿಯ ನೂರಾರು ಆಂಪಿಯರ್ ನೇರ ತಂತೀಲೇ ಹರಿದು ತಂತಿ ಕೆಂಡ ಆಗುತ್ತೆ. 12 ವೋಲ್ಟ್ ಶಾಕ್ ಹೊಡೆಯಲ್ಲ ಅಂತ ನಾವು ಸದರ ಮಾಡ್ತೀವಿ. ಶಾಕ್ ಹೊಡೆಯಲ್ಲ ನಿಜ, ಬೆಂಕಿ ಹಚ್ಚುತ್ತೆ. ಮಾರ್ಕೆಟ್‌ನಲ್ಲಿ ಲೋಡ್ ಇಳಿಯೋವರೆಗೆ ನಮ್ಮ ಹುಡುಗ ಆ ಕ್ಯಾಬಿನ್ನಲ್ಲೇ ಗಾಜು ಏರಿಸ್ಕೊಂಡು ಮಲಗ್ತಾನೆ. ತಂತಿ ಹೋಗಿದ್ದು ಅವನ ತಲೆ ಇಡೋ ಸೀಟಿನ ಕೆಳಗೆ.

ಅದಕ್ಕೆ ಹೇಳೋದು, ಫ್ಯೂಸ್ ಬ್ಯಾಟರಿ ಪ್ಲಸ್‌ನಿಂದ ಒಂದು ಮೊಳದ ಒಳಗೆ ಇರಲೇಬೇಕು. ಅದು ಕಾಯೋದು ತಂತೀನ, ಹಾಡಿನ ಡಬ್ಬಾನ ಅಲ್ಲ. ಫಿಟ್ ಮಾಡೋರು ಬೇಕಾಗಲ್ಲ ಅಂದ್ರೆ ಅಲ್ಲಿಂದ ಗಾಡಿ ತಿರುಗಿಸ್ಕೊಂಡು ಬನ್ನಿ. ಕೆಲಸ ಮಾಡುವಾಗ ಮೊದಲು ಮೈನಸ್ ಬಿಚ್ಚಿ, ಕೊನೇಲಿ ಮೈನಸ್ ಹಾಕಿ.

ಡಬ್ಬದ ಮೇಲೆ ಬರೆದಿರೋ ವ್ಯಾಟ್ ನಂಬಬೇಡಿ. ನಮ್ಮದರ ಮೇಲೆ 1200 ವ್ಯಾಟ್ ಅಂತಿತ್ತು. ಅದಕ್ಕಿರೋ ಫ್ಯೂಸ್ 30 ಆಂಪಿಯರ್. 30ನ್ನ 14ರಿಂದ ಗುಣಿಸಿದ್ರೆ ಒಳಗೆ ಹೋಗೋದೇ 420, ಅದ್ರಲ್ಲಿ ಅರ್ಧದ ಹತ್ರ ಶಾಖವಾಗಿ ಹೋಗುತ್ತೆ. 1200 ಎಲ್ಲಿಂದ ಬರುತ್ತೆ ಅವರನ್ನೇ ಕೇಳಿ. ಫ್ಯೂಸ್ ನೋಡಿದ್ರೆ ಎಷ್ಟು ಕರೆಂಟ್ ತಿನ್ನುತ್ತೆ ಗೊತ್ತಾಗುತ್ತೆ. ನಮ್ಮ ಗಾಡಿ ಡೈನಮೋ 70 ಆಂಪಿಯರ್, ಅದೂ ಇಂಜಿನ್ ಓಡುವಾಗ. ತೂಗುಸೇತುವೆ ಹತ್ರ ಗಾಡಿ ನಿಂತು ನಿಂತು ಹೋಗುವಾಗ ಅದರ ಅರ್ಧವೂ ಬರಲ್ಲ. ಹೆಡ್‌ಲೈಟ್‌ಗೆ ಒಂದು ಹತ್ತು, ವೈಪರ್, ಫ್ಯಾನ್, ಮೇಲೆ ಹಾಡು. ಕೊರತೆ ಬ್ಯಾಟರಿ ಕೊಡುತ್ತೆ.

ಟ್ರಾಕ್ಟರ್ ಹುಡುಗ್ರಿಗೆ ಇದು ಇನ್ನೂ ಮುಖ್ಯ. ಎಷ್ಟೋ ಟ್ರಾಕ್ಟರ್‌ಗಳಲ್ಲಿ ಇರೋದು 36 ಆಂಪಿಯರ್ ಡೈನಮೋ. ಅದರ ಮೇಲೆ ಎರಡು ಆಂಪ್ಲಿಫೈಯರ್, ನಾಲ್ಕು ವೂಫರ್, ಬಣ್ಣದ ಲೈಟು. ಸಾಲದ್ದಕ್ಕೆ ಹಳೇ ಬ್ಯಾಟರಿ ಪಕ್ಕ ಹೊಸ ಬ್ಯಾಟರಿ ಜೋಡಿಸ್ತಾರೆ. ಹಳೇದು ಹೊಸದರ ರಕ್ತ ಹೀರುತ್ತೆ ಅಷ್ಟೇ, ಬೆಳಿಗ್ಗೆ ಎರಡೂ ಸತ್ತಿರ್ತವೆ. ಮೆರವಣಿಗೆಗೆ ಬೇಕಂದ್ರೆ ಜನರೇಟರ್ ಬಾಡಿಗೆಗೆ ತಗೊಳ್ಳಿ. ಉಳೋ ಟ್ರಾಕ್ಟರ್‌ಗೆ ಒಂದು ಡೆಕ್ಕು ಎರಡು ಸ್ಪೀಕರ್ ಸಾಕು. ಇದಕ್ಕೆ ನನ್ನ ಮೇಲೆ ಕೋಪ ಮಾಡ್ಕೊಳ್ಳೋರು ಮಾಡ್ಕೊಳ್ಳಿ.

ಮಾವ ಒಂದು ಮಾತು ಹೇಳಿದ್ರು. ಟೆಲಿಫೋನ್ ಎಕ್ಸ್‌ಚೇಂಜಲ್ಲಿ 48 ವೋಲ್ಟ್ ಬ್ಯಾಟರಿ, ಅಲ್ಲಿ ಪ್ಲಸ್ ಅರ್ಥ್‌ಗೆ ಕೊಡೋದು, ನಮ್ಮ ಗಾಡೀಲಿ ಮೈನಸ್. ಎಲ್ಲ ಉಲ್ಟಾ. ಆದ್ರೂ ಹತ್ತರಲ್ಲಿ ಎಂಟು ಕಂಪ್ಲೇಂಟು ಅಲ್ಲೂ ಜಾಯಿಂಟ್‌ದೇ, ಇಲ್ಲೂ ಜಾಯಿಂಟ್‌ದೇ ಅಂತ.

ಖರ್ಚು ಎಷ್ಟಾಯ್ತು ಕೇಳ್ತೀರಿ. ಒಳ್ಳೆ ತಾಮ್ರದ ತಂತಿ ಜೆ.ಸಿ.ರೋಡಿಂದ ತಂದ್ವಿ, ಒಂದು ಫ್ಯೂಸ್ ಡಬ್ಬಿ, ಹೊಸ ಜಡೆ ಪಟ್ಟಿ, ನಾಲ್ಕು ರಬ್ಬರ್ ಬುಷ್, ಬೋಲ್ಟು ವಾಷರು. ಬ್ಯಾಟರಿಗೆ ಕೊಟ್ಟ ದುಡ್ಡಿನ ಕಾಲು ಭಾಗವೂ ಆಗಲಿಲ್ಲ. ಆ ಬ್ಯಾಟರಿ ಈಗಲೂ ಅದೇ ಗಾಡೀಲಿ ಇದೆ, ಸ್ವಲ್ಪ ಸೊರಗಿದೆ, ನಡೀತಿದೆ.

ಹುಡುಗನ ಹತ್ರ ನಾನು ತಪ್ಪಾಯ್ತು ಅಂತ ಬಾಯಿಬಿಟ್ಟು ಹೇಳಲಿಲ್ಲ, ನಮ್ಮ ಮನೇಲಿ ಆ ಅಭ್ಯಾಸ ಇಲ್ಲ. ಮೀಟರ್ ಒಂದು ಕೊಂಡು ತಂದು ಡ್ಯಾಶ್‌ಬೋರ್ಡ್ ಡಬ್ಬೀಲಿ ಇಟ್ಟೆ. ಎರಡು ದಿನ ಬಿಟ್ಟು ನೋಡಿದ್ರೆ ಅದರ ಜೊತೆ ಒಂದು ಸಣ್ಣ ನೋಟ್ ಪುಸ್ತಕ ಇತ್ತು, ತಾರೀಕು ಹಾಕಿ ಬೆಳಗಿನ ವೋಲ್ಟೇಜ್ ಬರೆದಿದ್ದ. 12.5, 12.6, 12.5. ಮಾರ್ಕೆಟ್‌ಗೆ ಅವನೇ ಹೋಗ್ತಿದ್ದಾನೆ, ಹಾಡು ಹಾಕ್ಕೊಂಡು.

ನಿಮ್ಮ ಗಾಡಿ ತೋರಿಸಬೇಕು ಅನ್ನೋರು ಭಾನುವಾರ ಬೆಳಿಗ್ಗೆ ಏಳರ ಒಳಗೆ ತನ್ನಿ, ಮಾವನೂ ಇರ್ತಾರೆ. ಬರೋ ಮುಂಚೆ ರಾತ್ರಿ ಬ್ಯಾಟರಿ ಚಾರ್ಜ್ ಮಾಡಿಕೊಂಡು ಬನ್ನಿ, ಇಳಿದ ಬ್ಯಾಟರೀಲಿ ಏನೂ ಅಳೆಯೋಕಾಗಲ್ಲ. ಸೆಟ್ ಬಿಚ್ಚಬೇಡಿ, ಹಂಗೇ ಇರಲಿ.